ಆಮ್ಸ್ಟರ್‌ಡ್ಯಾಮಿನಲ್ಲಿ ಅಪ್ಪನ ಜೊತೆ ಮೂರು ದಿನ

ಅಪ್ಪ ಗದಗ ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ಡ್ರಾಯಿಂಗ್ ಮಾಸ್ತರರಾಗಿದ್ದವರು. ಅವರ ತರಗತಿಯಲ್ಲಿ ಒಂದು ನಿಯಮವಿತ್ತು. ಕಿಟಕಿ ಎಡಗಡೆ ಬರುವಂತೆ ಬೆಂಚುಗಳನ್ನು ತಿರುಗಿಸಿಕೊಂಡೇ ಮಕ್ಕಳು ಕುಳಿತುಕೊಳ್ಳಬೇಕು. ಬೆಳಕು ಬಲಗಡೆಯಿಂದ ಬಂದರೆ ಬರೆಯುವ ಕೈಯ ನೆರಳು ಹಾಳೆಯ ಮೇಲೆ ಬಿದ್ದು ಗೆರೆ ಕಾಣುವುದಿಲ್ಲ. ಹಾಗೆ ಕೂರಿಸಿ, ಮೇಜಿನ ಮೇಲೆ ಒಂದು ಹಿತ್ತಾಳೆ ಬಿಂದಿಗೆ ಇಟ್ಟು, ಲೋವರ್ ಮತ್ತು ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಬೆಳಕು ನೆರಳಿನ ಪಾಠ ಮಾಡುತ್ತಿದ್ದರು. ಪಾಠದ ಕೊನೆಗೆ ಒಂದು ಹಳೆಯ ಪುಸ್ತಕದಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ ಕಪ್ಪುಬಿಳುಪು ಚಿತ್ರವನ್ನು ತೋರಿಸುತ್ತಿದ್ದರು. ಅದು ಡಚ್ ಚಿತ್ರಕಾರ ರೆಂಬ್ರಾಂಟನ ‘ನೈಟ್ ವಾಚ್’. ಅಂಗೈಯಗಲದ ಆ ಚಿತ್ರದಲ್ಲಿ ಮುಖಗಳಿಗಿಂತ ಮಸಿಯೇ ಹೆಚ್ಚಿತ್ತು.

ಅಕ್ಕ ಆಮ್ಸ್ಟರ್‌ಡ್ಯಾಮಿಗೆ ಅಂಟಿಕೊಂಡಿರುವ ಆಮ್ಸ್ಟೆಲ್‌ವೇನ್‌ನಲ್ಲಿ ಮನೆ ಮಾಡಿ ನಾಲ್ಕು ವರ್ಷವಾಯಿತು. ಅಪ್ಪನಿಗೆ ಎಪ್ಪತ್ತೊಂದು ತುಂಬಿದ ಮೇಲೆ, ಮೊಣಕಾಲು ಇನ್ನಷ್ಟು ಕೆಡುವ ಮೊದಲೇ ಒಮ್ಮೆ ಹೋಗಿಬರೋಣ ಎಂದು ನಿರ್ಧರಿಸಿದೆವು. ವೀಸಾ, ವಿಮಾನದ ಸಂಗತಿ ಬಿಡೋಣ. ನಿಜವಾದ ಚರ್ಚೆ ನಡೆದದ್ದು ಆ ‘ನೈಟ್ ವಾಚ್’ ಇರುವ ರೈಕ್ಸ್‌ಮ್ಯೂಸಿಯಂ ಅನ್ನು ಹೇಗೆ ನೋಡಬೇಕು ಎಂಬುದರ ಬಗ್ಗೆ. ನಾನು ಒಂದು ಇಡೀ ದಿನ ಇಟ್ಟುಕೊಂಡು, ಕೆಳಗಿನ ಅಂತಸ್ತಿನಿಂದ ಮೇಲಿನವರೆಗೆ ಒಂದೂ ಕೋಣೆ ಬಿಡದಂತೆ ಪಟ್ಟಿ ಮಾಡಿದ್ದೆ. ಅಪ್ಪ ಆ ಹಾಳೆಯ ಹಿಂಭಾಗದಲ್ಲೇ ಲೆಕ್ಕ ಹಾಕಿದರು. ಅಲ್ಲಿ 80 ಕೋಣೆಗಳಲ್ಲಿ ಸುಮಾರು 8,000 ವಸ್ತುಗಳಿವೆ. ಒಂದೊಂದಕ್ಕೆ ಅರ್ಧ ನಿಮಿಷ ಕೊಟ್ಟರೂ 66 ಗಂಟೆ ಬೇಕು. ಮ್ಯೂಸಿಯಂ ತೆರೆದಿರುವುದು ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ. ಅಂದರೆ ಎಂಟು ದಿನ ನಿಂತ ಕಾಲಲ್ಲೇ ನಿಂತರೂ ಮುಗಿಯುವುದಿಲ್ಲ.

“ನಾನು ನಾಲ್ಕು ನೋಡುತ್ತೇನೆ. ಚೆನ್ನಾಗಿ ನೋಡುತ್ತೇನೆ” ಎಂದರು.

ನನಗೆ ಆಗ ಅದು ಒಪ್ಪಿಗೆಯಾಗಲಿಲ್ಲ. ಏಳು ಸಾವಿರ ಕಿಲೋಮೀಟರು ಹಾರಿ ಹೋಗಿ ನಾಲ್ಕೇ ನಾಲ್ಕು ನೋಡುವುದೆಂದರೆ ಅನ್ಯಾಯವೆನಿಸಿತು. ಆದರೂ ಯೋಜನೆ ಅವರದಾಯಿತು. ಮೊದಲ ದಿನ ಒಳಗೆ ಹೋಗುವುದೇ ಬೇಡ, ಕಟ್ಟಡವನ್ನು ಹೊರಗಿನಿಂದ ನೋಡುವುದು. ಮುಂದಿನ ಎರಡು ದಿನಕ್ಕೆ ಬೆಳಿಗ್ಗೆ 9ರ ಹೊತ್ತಿಗೆ ಟಿಕೆಟ್. ಟಿಕೆಟನ್ನು ಮ್ಯೂಸಿಯಂನ ಸ್ವಂತ ಜಾಲತಾಣದಲ್ಲೇ, ಒಳಗೆ ಹೋಗುವ ಹೊತ್ತನ್ನು ಆರಿಸಿ ಕೊಳ್ಳಬೇಕು. ಒಂದು ದಿನದ ಟಿಕೆಟಿನಲ್ಲಿ ಮರುದಿನ ಹೋಗುವಂತಿಲ್ಲ. ಹದಿನೆಂಟರ ಒಳಗಿನವರಿಗೆ ಉಚಿತ. ಹೊರಡುವ ಮೊದಲಿನ ಹದಿನೈದು ದಿನ ಅಪ್ಪ ರಾತ್ರಿ ಊಟವಾದ ಮೇಲೆ ನನ್ನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರು. ಮ್ಯೂಸಿಯಂ ತನ್ನ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಯಾರು ಬೇಕಾದರೂ ನೋಡುವಂತೆ, ಇಳಿಸಿಕೊಳ್ಳುವಂತೆ ಉಚಿತವಾಗಿ ಇಟ್ಟಿದೆ. ‘ನೈಟ್ ವಾಚ್’ದಂತೂ 2022ರಲ್ಲಿ ಬಿಡುಗಡೆಯಾದ 717 ಗಿಗಾಪಿಕ್ಸೆಲ್‌ನ ಚಿತ್ರ. ಹಿಗ್ಗಿಸುತ್ತ ಹೋದರೆ ಬಣ್ಣದ ಬಿರುಕುಗಳು ನಮ್ಮ ಕಡೆಯ ಬೇಸಿಗೆಯ ಎರೆಹೊಲದಂತೆ ಕಾಣುತ್ತವೆ. “ಇಷ್ಟು ಕಂಡ ಮೇಲೆ ಅಲ್ಲಿಗೇಕೆ ಹೋಗಬೇಕು?” ಎಂದು ಒಮ್ಮೆ ಕೇಳಿದೆ. “ಎಷ್ಟು ದೊಡ್ಡದು ಎಂಬುದು ಇದರಲ್ಲಿ ಗೊತ್ತಾಗುವುದಿಲ್ಲ” ಎಂದರು.

ಮೊದಲ ದಿನ

ಅಕ್ಟೋಬರಿನ ನಡುಭಾಗ. ಅಕ್ಕನ ಮನೆಯ ಹತ್ತಿರದಿಂದ 5ನೇ ನಂಬರಿನ ಟ್ರಾಮ್ ಹಿಡಿದರೆ ನೇರ ಮ್ಯೂಸಿಯಂಪ್ಲೈನ್‌ನಲ್ಲಿ ಇಳಿಯಬಹುದು. ಟಿಕೆಟ್ ತೆಗೆಯುವ ಕೆಲಸವಿಲ್ಲ, ಹತ್ತುವಾಗ ಬ್ಯಾಂಕಿನ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರಾಯಿತು. ಇಳಿಯುವಾಗಲೂ ತಾಗಿಸಬೇಕು. ಅಪ್ಪನ ಕೈ ಹಿಡಿದು ಇಳಿಸುವ ಗಡಿಬಿಡಿಯಲ್ಲಿ ನಾನು ಅದನ್ನು ಮರೆತೆ. ಹಾಗಾಗಿ ಆ ದಿನದ ಪ್ರಯಾಣಕ್ಕೆ ಹೆಚ್ಚು ಹಣ ಕಳೆದುಕೊಂಡೆ. ಹೋಗುವವರು ಇದೊಂದನ್ನು ನೆನಪಿಡಿ.

ಗಾಳಿ ಜೋರಾಗಿತ್ತು. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬರುತ್ತಿತ್ತು. ಊರಿನಿಂದ ತಂದಿದ್ದ ಕೊಡೆ ಎರಡನೆಯ ನಿಮಿಷಕ್ಕೇ ಮಗುಚಿ ಒಂದು ಕಡ್ಡಿ ಮುರಿಯಿತು. ಸುತ್ತಲೂ ನೋಡಿದರೆ ಅಲ್ಲಿನವರು ಯಾರೂ ಕೊಡೆ ಹಿಡಿದಿರಲಿಲ್ಲ. ಎಲ್ಲರೂ ಟೋಪಿಯಿರುವ ಮಳೆಯಂಗಿ ತೊಟ್ಟು ಸೈಕಲ್ ತುಳಿಯುತ್ತಿದ್ದರು.

ಮುಂದೆ ಹುಲ್ಲಿನ ಬಯಲು, ಅದರಾಚೆ ಎರಡು ಗೋಪುರಗಳ ಕೆಂಪು ಇಟ್ಟಿಗೆಯ ಕಟ್ಟಡ. ಅಪ್ಪ ನೋಡುತ್ತ ನಿಂತುಬಿಟ್ಟರು. ನಿಂತದ್ದು ಸೈಕಲ್ ದಾರಿಯಲ್ಲಿ ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಗಂಟೆ ಬಾರಿಸುತ್ತ ಬಂದ ಒಬ್ಬ ಹಿರಿಯರು ಸರಕ್ಕನೆ ನಿಲ್ಲಿಸಿ, ಸೈಕಲಿನಿಂದ ಇಳಿದು, ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಕರೆತಂದರು. ಬೈಯುತ್ತಾರೆಂದು ನಾನು ಅಂದುಕೊಂಡರೆ, ಅವರು ಮ್ಯೂಸಿಯಂನ ಹೊಟ್ಟೆಯ ನಡುವೆ ಹಾದುಹೋಗುವ ಕಮಾನುದಾರಿಯತ್ತ ಕೈ ತೋರಿಸಿ, “ನಾನು ಹುಡುಗನಾಗಿದ್ದಾಗಿನಿಂದ ಇದರೊಳಗೇ ಸೈಕಲ್ ಹೊಡೆಯುತ್ತಿದ್ದೇನೆ” ಎಂದು ಇಂಗ್ಲಿಷಿನಲ್ಲಿ ಹೇಳಿದರು. 2003ರಿಂದ 2013ರವರೆಗೆ ಹತ್ತು ವರ್ಷ ಈ ಕಟ್ಟಡದ ದುರಸ್ತಿ ನಡೆಯಿತು. ಹೊಸ ವಿನ್ಯಾಸದಲ್ಲಿ ಸೈಕಲಿನವರ ದಾರಿ ಮೊಟಕಾಗುವುದೆಂದು ತಿಳಿದಾಗ ಊರಿನ ಸೈಕಲ್ ಸವಾರರು ಪಟ್ಟು ಹಿಡಿದು ಕುಳಿತರು. ಕೊನೆಗೆ ದಾರಿ ಉಳಿಯಿತು. “ಮ್ಯೂಸಿಯಂ ಊರಿನದು, ದಾರಿಯೂ ಊರಿನದು” ಎಂದು ಹೇಳಿ ಹಿರಿಯರು ಹೊರಟರು. ಅವರು ಕಮಾನಿನ ಕತ್ತಲೊಳಗೆ ಹೊಕ್ಕು ಆಚೆ ಬೆಳಕಿಗೆ ಬೀಳುವವರೆಗೂ ಅಪ್ಪ ನೋಡುತ್ತಿದ್ದರು.

ಕಮಾನಿನೊಳಗೆ ಇಬ್ಬರು ಯುವಕರು ಚೆಲ್ಲೊ ಮತ್ತು ಅಕಾರ್ಡಿಯನ್ ನುಡಿಸುತ್ತಿದ್ದರು. ಎತ್ತರದ ಚಾವಣಿಯಲ್ಲಿ ದನಿ ತುಂಬಿಕೊಂಡು ಬರುತ್ತದೆ. ಮಳೆಗೆ ನಿಲ್ಲಲು ಅದಕ್ಕಿಂತ ಒಳ್ಳೆಯ ಜಾಗ ಆ ಊರಿನಲ್ಲಿಲ್ಲ. ಪಕ್ಕದ ಗಾಜಿನ ಗೋಡೆಯಿಂದ ಮ್ಯೂಸಿಯಂನ ಒಳಾಂಗಣವೂ ಕಾಣುತ್ತದೆ. ದಾರಿಯ ಆಚೀಚೆ ಪ್ರವೇಶದ್ವಾರಗಳಿವೆ.

ಈ ಕಟ್ಟಡ 1885ರಲ್ಲಿ ತೆರೆದದ್ದು. ಕಟ್ಟಿಸಿದ ಪಿಯೆರ್ ಕೈಪರ್ಸ್ ಚರ್ಚುಗಳನ್ನು ಕಟ್ಟಿ ಪಳಗಿದವರು. ಊರಿನ ಮುಖ್ಯ ರೈಲು ನಿಲ್ದಾಣವೂ ಅವರದೇ. ಪ್ರಾಟೆಸ್ಟೆಂಟರೇ ಹೆಚ್ಚಿದ್ದ ನಾಡಿನಲ್ಲಿ ಕ್ಯಾಥೊಲಿಕ್ ಇಗರ್ಜಿಯಂತೆ ಕಾಣುವ ಮ್ಯೂಸಿಯಂ ಎದ್ದುನಿಂತದ್ದು ಅನೇಕರಿಗೆ ಹಿಡಿಸಲಿಲ್ಲ. ಆಗಿನ ದೊರೆ ಮೂರನೆಯ ವಿಲ್ಲೆಮ್ ಈ ಮಠದೊಳಗೆ ಕಾಲಿಡಲಾರೆ ಎಂದು ಉದ್ಘಾಟನೆಗೂ ಬರಲಿಲ್ಲವಂತೆ. ಹೊರಗೋಡೆಯಲ್ಲಿ ಚಿತ್ರಕಾರರು, ಕುಶಲಕರ್ಮಿಗಳ ಉಬ್ಬುಶಿಲ್ಪಗಳಿವೆ, ಹೆಸರುಗಳಿವೆ. ಅಪ್ಪ ಅವನ್ನೆಲ್ಲ ಸುತ್ತುಹಾಕಿ ನೋಡಿದರು. ಸುತ್ತಲಿನ ತೋಟಕ್ಕೆ ಟಿಕೆಟ್ ಬೇಕಿಲ್ಲ. ಮೊಣಕಾಲು ನೋವಿನವರಿಗೆ ಅಲ್ಲಿನ ಬೆಂಚುಗಳು ದೊಡ್ಡ ಆಸರೆ. ಮಳೆ ನಿಂತ ಅರ್ಧ ಗಂಟೆಯಲ್ಲಿ ಅವರು ಎರಡು ಗೋಪುರಗಳ ಗೆರೆಚಿತ್ರ ಮುಗಿಸಿದರು.

ಎರಡನೆಯ ದಿನ

ಒಳಗೆ ಹೋಗುವಾಗಲೇ ತೊಡಕಾಯಿತು. ಅಪ್ಪನ ಬಗಲುಚೀಲದ ಪೆನ್ಸಿಲ್ ಡಬ್ಬಿಯಲ್ಲಿ ಕಾಗದ ಸುತ್ತಿದ ಅರ್ಧ ಬ್ಲೇಡು ಇತ್ತು. ಅವರ ಕಾಲದ ಡ್ರಾಯಿಂಗ್ ಮಾಸ್ತರರು ಯಾರೂ ಮೆಂಡರಿನಲ್ಲಿ ಪೆನ್ಸಿಲ್ ಹೆರೆದವರಲ್ಲ. ಬ್ಲೇಡಿನಲ್ಲಿ ಹೆರೆದರೆ ಸೀಸದ ತುದಿಯನ್ನು ಬೇಕಾದಷ್ಟು ಉದ್ದಕ್ಕೆ, ಬೇಕಾದ ಓರೆಗೆ ತರಬಹುದು. ಪೆನ್ಸಿಲ್ ಒಯ್ಯಬಹುದೇ ಎಂದು ಕೇಳಲು ನಾವೇ ಡಬ್ಬಿ ತೆರೆದು ತೋರಿಸಿದಾಗ ಕಾವಲಿನ ಹುಡುಗಿಯ ಕಣ್ಣು ಬ್ಲೇಡಿನ ಮೇಲೆ ನಿಂತಿತು. ಬಹಳ ಮೃದುವಾಗಿಯೇ, ಇದು ಒಳಗೆ ಬರುವಂತಿಲ್ಲ ಎಂದಳು. ಅವಳು ಹಾಗೆ ಹೇಳಬೇಕಾದದ್ದೇ. 1975ರಲ್ಲಿ ಒಬ್ಬ ಬ್ರೆಡ್ ಕತ್ತರಿಸುವ ಚಾಕುವಿನಿಂದ ‘ನೈಟ್ ವಾಚ್’ ಚಿತ್ರವನ್ನು ಹತ್ತಾರು ಕಡೆ ಸೀಳಿದ್ದ. 1990ರಲ್ಲಿ ಇನ್ನೊಬ್ಬ ಅದರ ಮೇಲೆ ಆ್ಯಸಿಡ್ ಎರಚಿದ್ದ. ಅಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬ್ಲೇಡು ತಂದೆನಲ್ಲ ಎಂದು ಅವರ ಮುಖ ಸಣ್ಣದಾಯಿತು. ಅವಳು ಅದನ್ನು ಒಂದು ಲಕೋಟೆಗೆ ಹಾಕಿ, ಸಾಮಾನು ಇಡುವ ಕೌಂಟರಿನಲ್ಲಿ ಕೋಟಿನ ಜೊತೆ ಇರಿಸಿದಳು. ಪೆನ್ಸಿಲುಗಳನ್ನು ಧಾರಾಳವಾಗಿ ಒಯ್ಯಿರಿ ಎಂದಳು. ಮೊಬೈಲಿನಲ್ಲಿ ಫೋಟೊ ತೆಗೆದು ಮುಂದೆ ಹೋಗುವ ಬದಲು ಕೂತು ಚಿತ್ರ ಬಿಡಿಸಿ ಎಂದು 2015ರಿಂದ ಮ್ಯೂಸಿಯಂ ತಾನೇ ಜನರನ್ನು ಹುರಿದುಂಬಿಸುತ್ತ ಬಂದಿದೆ.

ಅಲ್ಲೇ ಗಾಲಿಕುರ್ಚಿಯನ್ನೂ ಎರವಲು ಕೊಡುತ್ತಾರೆ, ದುಡ್ಡಿಲ್ಲ. ಅಪ್ಪ ಮೊದಲು ಒಪ್ಪಲಿಲ್ಲ. “ನಾನೇನು ರೋಗಿಯೇ?” ಎಂದರು. ಆದರೆ ಆ ಕುರ್ಚಿಯಿಂದಲೇ ನಮ್ಮ ಎರಡು ದಿನ ಸಾರ್ಥಕವಾದವು. ಎಲ್ಲಿ ಬೇಕೋ ಅಲ್ಲಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂರಬಹುದು. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಲಿಫ್ಟಿನಲ್ಲಿ ಎರಡನೆಯ ಅಂತಸ್ತಿಗೆ ಹೋದರೆ ಉದ್ದನೆಯ ಗೌರವ ಗ್ಯಾಲರಿ ಸಿಗುತ್ತದೆ. ಎರಡೂ ಬದಿಗೆ ಗೂಡುಗಳಂತೆ ಚಿಕ್ಕ ಚಿಕ್ಕ ಕೋಣೆಗಳು, ನೇರ ಕೊನೆಯಲ್ಲಿ ‘ನೈಟ್ ವಾಚ್’. ನವರಂಗ ದಾಟಿ ಗರ್ಭಗುಡಿಯತ್ತ ನೋಡಿದ ಹಾಗೆಯೇ ಇದೆ. ಬಾಗಿಲು ತೆರೆದೊಡನೆ ಒಳಬಂದ ಜನರೆಲ್ಲ ಅತ್ತಲೇ ಧಾವಿಸಿದರು. ಅಪ್ಪ ಅವಸರ ಮಾಡಲಿಲ್ಲ. ಅದು ಮಧ್ಯಾಹ್ನ ಮೂರರ ಮೇಲೆ ಎಂದು ಅವರ ವಹಿಯಲ್ಲಿ ಬರೆದಿತ್ತು. ಜನರು ಆ ಕಡೆ ಹೋದದ್ದರಿಂದ ಇನ್ನೊಬ್ಬ ಡಚ್ ಚಿತ್ರಕಾರ ವರ್ಮೀರನ ಚಿತ್ರವಿರುವ ಗೂಡಿನ ಮುಂದೆ ಆ ಹೊತ್ತಿಗೆ ಮೂರೇ ಜನ.

ಹಾಲು ಸುರಿಯುವ ಹೆಂಗಸಿನ ಈ ಚಿತ್ರ ಸುಮಾರು 1660ರದು. 45.5 ಸೆಂಟಿಮೀಟರ್ ಎತ್ತರ, 41 ಅಗಲ, ಅಂದರೆ ನಮ್ಮ ಮನೆಯ ದೇವರ ಪಟದಷ್ಟು. ಅಪ್ಪ ನೋಡಿದ ಮೊದಲ ಕ್ಷಣದಲ್ಲೇ, “ಕಿಟಕಿ ಎಡಗಡೆ ಇದೆ” ಎಂದರು. ಅವರ ದನಿ ನಡುಗಿತು. ಆಮೇಲೆ ಒಂದೂವರೆ ಗಂಟೆ ಅಲ್ಲೇ ಕಳೆದೆವು. ನಾನು ಮೊದಲ ಹತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡಿಯಾಯಿತು ಎಂದುಕೊಂಡೆ. ಹೆಂಗಸು, ಹಳದಿ ರವಿಕೆ, ನೀಲಿ ಉಡುಪು, ಮಣ್ಣಿನ ಪಾತ್ರೆ, ದಾರದಷ್ಟು ತೆಳ್ಳಗಿನ ಹಾಲಿನ ಧಾರೆ. ಇಪ್ಪತ್ತನೆಯ ನಿಮಿಷಕ್ಕೆ ಕಿಟಕಿಯ ಒಂದು ಗಾಜು ಒಡೆದಿರುವುದು ಕಂಡಿತು. ಅರ್ಧ ಗಂಟೆಗೆ ಹಿಂದಿನ ಬಿಳಿ ಗೋಡೆ ಬಿಳಿಯಲ್ಲ ಎಂಬುದು ಕಂಡಿತು. ಅದರಲ್ಲಿ ಬೂದಿಯಿದೆ, ಹಳದಿಯಿದೆ, ಮೊಳೆ ಕಿತ್ತ ತೂತುಗಳಿವೆ, ಎತ್ತರದಲ್ಲಿ ಇನ್ನೂ ಕೀಳದ ಒಂದು ಮೊಳೆಯಿದೆ. ನೆಲದ ಅಂಚಿಗೆ ನೀಲಿ ಚಿತ್ರದ ಡೆಲ್ಫ್ಟ್ ಹೆಂಚುಗಳು, ಅವುಗಳ ಮುಂದೆ ಕಾಲು ಕಾಯಿಸಿಕೊಳ್ಳುವ ಕೆಂಡದ ಪೆಟ್ಟಿಗೆ. 2022ರಲ್ಲಿ ತಜ್ಞರು ಬಣ್ಣದ ಪದರಗಳ ಕೆಳಗೆ ಪರೀಕ್ಷಿಸಿದಾಗ, ವರ್ಮೀರ್ ಮೊದಲು ಆ ಗೋಡೆಗೆ ಪಾತ್ರೆಗಳನ್ನು ತೂಗುಹಾಕುವ ಹಲಗೆ ಬರೆಯಲು ತೊಡಗಿ ಆಮೇಲೆ ಮುಚ್ಚಿಬಿಟ್ಟದ್ದು ತಿಳಿಯಿತು. ತೆಗೆದುಹಾಕಿದ್ದರಿಂದಲೇ ಆ ಗೋಡೆಗೆ ಅಷ್ಟು ನಿಶ್ಶಬ್ದ ಬಂದಿದೆ.

ಅಪ್ಪ ನನಗೆ ಇನ್ನೊಂದನ್ನು ವಿವರಿಸಿದರು. ಹೆಂಗಸಿನ ಬಲಗೈಯ ತುಸು ಮೇಲೆ ಕ್ಯಾನ್ವಾಸಿನಲ್ಲಿ ಸೂಜಿಮೊನೆಯಷ್ಟು ತೂತಿದೆ. ಅಲ್ಲಿ ಗುಂಡುಸೂಜಿ ಚುಚ್ಚಿ, ಅದಕ್ಕೆ ಸುಣ್ಣ ಹಚ್ಚಿದ ದಾರ ಕಟ್ಟಿ, ಎಳೆದು ಬಿಟ್ಟರೆ ಕಿಟಕಿಯ ಓರೆ ಗೆರೆಗಳು ಸರಿಯಾಗಿ ಬೀಳುತ್ತವೆ. “ನಮ್ಮ ಬಡಿಗೇರರು ಹಲಗೆ ಕೊಯ್ಯುವ ಮೊದಲು ಬಣ್ಣದ ದಾರ ಮಿಡಿಯುತ್ತಾರಲ್ಲ, ಅದೇ” ಎಂದರು. ಎಲ್ಲ ಗೆರೆಗಳೂ ಸೇರುವ ಆ ಒಂದು ಬಿಂದುವನ್ನು ಅವನು ಹಾಲು ಸುರಿಯುವ ಕೈಯ ಹತ್ತಿರವೇ ಇಟ್ಟ. ಹಾಗಾಗಿ ನಮ್ಮ ಕಣ್ಣು ಎಲ್ಲಿಂದ ಹೊರಟರೂ ಹಾಲಿಗೇ ಬರುತ್ತದೆ. ಇಷ್ಟು ವರ್ಷ ಪರ್‌ಸ್ಪೆಕ್ಟಿವ್ ಪಾಠವನ್ನು ರೈಲುಹಳಿಯ ಚಿತ್ರದಿಂದ ಮಾಡುತ್ತಿದ್ದೆ, ಇದರಿಂದ ಮಾಡಬೇಕಿತ್ತು ಎಂದು ಅಪ್ಪ ಎರಡು ಸಲ ಹೇಳಿದರು.

ಮಧ್ಯಾಹ್ನ ತೋಟದ ಬೆಂಚಿನಲ್ಲಿ ಬುತ್ತಿ ಬಿಚ್ಚಿದೆವು. ಒಳಗೆ ತಮ್ಮ ತಿಂಡಿ ತಿನ್ನುವಂತಿಲ್ಲ, ಅಲ್ಲಿನ ಕೆಫೆಯಲ್ಲಿ ಕೊಳ್ಳಬೇಕು. ಅಕ್ಕ ಊರಿನಿಂದ ನಾವೇ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಆ ತಂಪಿನಲ್ಲಿ ಜೋಳದ ರೊಟ್ಟಿ ಮುರಿಯುವ ಸದ್ದಿಗೇ ಅರ್ಧ ಹೊಟ್ಟೆ ತುಂಬಿತು.

ಮೂರರ ನಂತರ ‘ನೈಟ್ ವಾಚ್’. 1642ರ ಈ ಚಿತ್ರ ಈಗ ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ ಇದೆ. ಮೊದಲು ಇನ್ನೂ ದೊಡ್ಡದಿತ್ತು. 1715ರಲ್ಲಿ ಪುರಭವನದ ಗೋಡೆಗೆ ಹೊಂದುವುದಿಲ್ಲವೆಂದು ನಾಲ್ಕೂ ಕಡೆ ಕತ್ತರಿಸಿದರು. ಎಡಗಡೆಯ ತುಂಡಿನ ಜೊತೆ ಅದರಲ್ಲಿದ್ದ ಮನುಷ್ಯರೂ ಹೋದರು. ಗ್ಯಾಲರಿಯ ಕೊನೆಯ ಈ ಕೋಣೆಯನ್ನು ಕೈಪರ್ಸ್ ಕಟ್ಟಿಸಿದ್ದೇ ಇದಕ್ಕಾಗಿ. 2013ರಲ್ಲಿ ಮ್ಯೂಸಿಯಂ ಮತ್ತೆ ತೆರೆದಾಗ ಎಲ್ಲ ಚಿತ್ರಗಳೂ ಜಾಗ ಬದಲಿಸಿದವು, ಇದೊಂದು ಮಾತ್ರ ತನ್ನ ಜಾಗಕ್ಕೇ ಮರಳಿತು. ಎರಡನೆಯ ಮಹಾಯುದ್ಧದಲ್ಲಿ ಇದನ್ನು ಚೌಕಟ್ಟಿನಿಂದ ಬಿಡಿಸಿ, ಚಾಪೆಯಂತೆ ಸುತ್ತಿ, ಕೊನೆಗೆ ಮಾಸ್ಟ್ರಿಕ್ಟ್ ಊರಿನ ಸುಣ್ಣಕಲ್ಲಿನ ಗುಹೆಯಲ್ಲಿ ಬಚ್ಚಿಟ್ಟಿದ್ದರು.

2019ರಿಂದ ಚಿತ್ರದ ಸುತ್ತ ಗಾಜಿನ ಕೋಣೆಯಿದೆ. ಅದರೊಳಗೇ, ಜನರ ಕಣ್ಣೆದುರಿಗೇ, ಅದರ ಅಧ್ಯಯನವೂ ದುರಸ್ತಿಯೂ ನಡೆಯುತ್ತಿದೆ. 2024ರ ನವೆಂಬರಿನಿಂದ ಹಳೆಯ ವಾರ್ನಿಶ್ ತೆಗೆಯುವ ಕೆಲಸ ಶುರುವಾಗಿದೆ. ಗಾಜಿನಿಂದಾಗಿ ಚಿತ್ರ ಸರಿಯಾಗಿ ಕಾಣುವುದಿಲ್ಲ ಎಂದು ನನ್ನ ಪಕ್ಕದಲ್ಲಿದ್ದ ಪ್ರವಾಸಿಯೊಬ್ಬರು ಬೇಸರಪಟ್ಟುಕೊಂಡರು. ನಮಗೆ ಹಾಗೆನಿಸಲಿಲ್ಲ. ಇದು ರಾತ್ರಿಯ ಚಿತ್ರವೇ ಅಲ್ಲ. ಹಗಲಿನಲ್ಲಿ ಹೊರಡುತ್ತಿರುವ ಊರ ಕಾವಲು ದಂಡು ಇದು. ಕಾಲಾಂತರದಲ್ಲಿ ವಾರ್ನಿಶ್ ಕಪ್ಪಾಗಿ, ಜನ ಅದನ್ನು ರಾತ್ರಿ ಎಂದುಕೊಂಡರು, ಹೆಸರೂ ಹಾಗೇ ನಿಂತಿತು. ಅಪ್ಪನ ರಟ್ಟಿನ ಮೇಲಿನ ಮಸಿಯ ಚಿತ್ರವನ್ನು ನೆನೆದುಕೊಂಡೆ. ಅದನ್ನು ನೋಡಿ ಬೆಳಕು ಕಲಿತ ಗದಗಿನ ಮಕ್ಕಳನ್ನೂ ನೆನೆದುಕೊಂಡೆ.

ಅಪ್ಪ ಮುಖಗಳನ್ನು ನೋಡಲಿಲ್ಲ. ಅಷ್ಟೊಂದು ಜನರ ಆ ಗದ್ದಲದ ನಡುವೆ ಅವರು ಹುಡುಕಿದ್ದು ಒಂದು ನೆರಳನ್ನು. ನಡುವೆ ಕಪ್ಪು ಉಡುಪಿನ ಕ್ಯಾಪ್ಟನ್ ಫ್ರಾನ್ಸ್ ಬಾನಿಂಕ್ ಕಾಕ್ ಎಡಗೈ ಮುಂದೆ ಚಾಚಿ ಹೊರಡಿ ಎನ್ನುತ್ತಿದ್ದಾನೆ. ಆ ಕೈಯ ನೆರಳು ಪಕ್ಕದ ಲೆಫ್ಟಿನೆಂಟನ ಹಳದಿ ಅಂಗಿಯ ಮೇಲೆ ಬಿದ್ದಿದೆ. ಬೆರಳು ಎಣಿಸಬಹುದು. ಆ ನೆರಳಿನಿಂದಲೇ ಕೈ ಚಿತ್ರದಿಂದ ಹೊರಗೆ, ನಮ್ಮ ಕಡೆಗೆ ಚಾಚಿದೆ ಎಂದು ತಿಳಿಯುವುದು. ಅಪ್ಪ ತಮ್ಮ ಕೈಯನ್ನು ಹಾಗೆಯೇ ಚಾಚಿ, ದೀಪದ ಬೆಳಕಿನಲ್ಲಿ ನನ್ನ ಅಂಗಿಯ ಮೇಲೆ ನೆರಳು ಬೀಳಿಸಿ ತೋರಿಸಿದರು. ಹಿಂದೆ ನಿಂತಿದ್ದ ಶಾಲೆಯ ಮಕ್ಕಳ ಗುಂಪೊಂದು ಇದನ್ನು ಕಂಡು, ಒಬ್ಬರ ಅಂಗಿಯ ಮೇಲೆ ಒಬ್ಬರು ಕೈ ಚಾಚಿ ಆಡತೊಡಗಿತು. ಅವರ ಶಿಕ್ಷಕಿ ಅಪ್ಪನಿಗೆ ತಲೆಬಾಗಿ ನಕ್ಕರು. ನಿವೃತ್ತರಾದ ಮೇಲೆ ಅಪ್ಪ ಮಾಡಿದ ಮೊದಲ ಪಾಠ ಅದು.

ಆಮೇಲೆ ಹಸಿವು. ಮ್ಯೂಸಿಯಂನಿಂದ ಕಾಲು ಗಂಟೆಯ ನಡಿಗೆಯಲ್ಲಿ ಆಲ್ಬರ್ಟ್ ಕೈಪ್ ಸಂತೆಬೀದಿ ಇದೆ. ಭಾನುವಾರ ಬಿಟ್ಟು ಎಲ್ಲ ದಿನವೂ ಸಂತೆ. ಅಪ್ಪನ ಮೊಣಕಾಲಿಗೆ ಆ ಹಾದಿ ಮುಕ್ಕಾಲು ಗಂಟೆಯಾಯಿತು. ಅಲ್ಲಿ ಕಾವಲಿಯಿಂದ ಇಳಿಸಿದ ಬಿಸಿ ಸ್ಟ್ರೂಪ್‌ವಾಫೆಲ್ ತಿಂದೆವು. ಎರಡು ತೆಳು ಹಾಳೆಗಳ ನಡುವೆ ಹರಿಯುವ ಸಕ್ಕರೆ ಪಾಕ. ಬೀದಿಯ ಸಮೀಪದಲ್ಲೇ ದಕ್ಷಿಣ ಅಮೆರಿಕದ ಸುರಿನಾಮ್ ದೇಶದವರ ರೊಟ್ಟಿ ಅಂಗಡಿ ಸಿಕ್ಕಿತು. ಅವರ ರೊಟ್ಟಿಯೆಂದರೆ ಕಡಲೆಬೇಳೆಯನ್ನು ಹೋಲುವ ಹಳದಿ ಬೇಳೆಯನ್ನು ಬೇಯಿಸಿ ಪುಡಿಮಾಡಿ ಹೂರಣದಂತೆ ತುಂಬಿ ಲಟ್ಟಿಸಿದ್ದು. ಬೆಲ್ಲ ಹಾಕದ ಹೋಳಿಗೆ ಎನ್ನಬಹುದು. ಜೊತೆಗೆ ಆಲೂಗಡ್ಡೆಯ ಸಾರು, ಮೊಳದುದ್ದದ ಅಲಸಂದೆ ಕಾಯಿಯ ಪಲ್ಯ, ನಾಲಿಗೆ ಸುಡುವ ಹಳದಿ ಮೆಣಸಿನಕಾಯಿ.

ಅಂಗಡಿಯ ಹೆಂಗಸು ನಮ್ಮ ಮುಖ ನೋಡಿ ಹಿಂದಿಯಂತೆಯೇ ಇರುವ, ಆದರೆ ಹಿಂದಿಯಲ್ಲದ ಮಾತಿನಲ್ಲಿ ಏನೋ ಕೇಳಿದಳು. ಅದು ಸರ್ನಾಮಿ, ಸುರಿನಾಮಿಗೆ ಹೋಗಿ ನೆಲೆಸಿದ ಭಾರತೀಯರ ಮಾತು. ಅವಳ ಅಜ್ಜಿಯ ಅಜ್ಜಿ ಕಲ್ಕತ್ತಾದಲ್ಲಿ ಹಡಗು ಹತ್ತಿದವಳಂತೆ. ಡಚ್ಚರು ತಮ್ಮ ಸುರಿನಾಮ್ ವಸಾಹತಿನಲ್ಲಿ ಗುಲಾಮಗಿರಿ ನಿಲ್ಲಿಸಿದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1873ರಲ್ಲಿ ಲಲ್ಲಾ ರೂಖ್ ಎಂಬ ಹಡಗಿನಿಂದ ಶುರುವಾಗಿ 1916ರವರೆಗೆ ಸುಮಾರು 34 ಸಾವಿರ ಭಾರತೀಯರು ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ನೆದರ್ಲೆಂಡಿಗೆ ಬಂದರು. ಪಾನಿ, ಭಾತ್, ತರ್ಕಾರಿ, ಆಜಿ ಎಂಬಂಥ ಮಾತುಗಳನ್ನು ಹಿಡಿದುಕೊಂಡು ಅಪ್ಪನೂ ಅವಳೂ ಅರ್ಧ ಗಂಟೆ ಮಾತಾಡಿದರು. ಹಾಲಿನ ಹೆಂಗಸಿನ ಚಿತ್ರ ನೋಡಿಬಂದೆವು ಎಂದಾಗ ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ಅವಳು ಹಳಸಿದ ಬ್ರೆಡ್ಡಿಗೆ ಹಾಲು ಹಾಕುತ್ತಿದ್ದಾಳೆ, ನೋಡಿದಿರಾ? ಒಣಗಿದ್ದನ್ನು ಎಸೆಯದೆ ಪಾಯಸ ಮಾಡಲು. ನಿಧಾನ ಸುರಿಯದಿದ್ದರೆ ಬ್ರೆಡ್ಡು ಹೀರುವುದಿಲ್ಲ” ಎಂದಳು.

ನಾವು ಒಂದೂವರೆ ಗಂಟೆ ನೋಡಿದರೂ ಇದು ಹೊಳೆದಿರಲಿಲ್ಲ. ಅಪ್ಪ ಟ್ರಾಮಿನಲ್ಲಿ ಅದೇ ಮಾತು ತೆಗೆದರು. ಮನೆ ಮುಟ್ಟಿದ ಮೇಲೆ ನೆನಪಾಯಿತು, ಬ್ಲೇಡಿನ ಲಕೋಟೆ ಕೌಂಟರಿನಲ್ಲೇ ಉಳಿದಿತ್ತು.

ಮೂರನೆಯ ದಿನ

ಎಲ್ಲಕ್ಕಿಂತ ಮೊದಲು ಮತ್ತೆ ವರ್ಮೀರ್. ಮೇಜಿನ ಮೇಲೆ ಬ್ರೆಡ್ಡಿನ ತುಂಡುಗಳು ಮುರಿದು ಬಿದ್ದಿವೆ, ಬುಟ್ಟಿಯದು ಮಾತ್ರ ಇಡಿಯಾಗಿದೆ. ಹಾಲು ಬೀಳುತ್ತಿರುವ ಪಾತ್ರೆ ಅಗಲಬಾಯಿಯದು. ರೊಟ್ಟಿ ಅಂಗಡಿಯವಳ ಮಾತಿನಂತೆ ನೋಡಿದರೆ ಆ ಹೆಂಗಸಿನ ಬಗ್ಗಿದ ಕತ್ತಿಗೆ, ಅವಳ ನಿಧಾನಕ್ಕೆ ಅರ್ಥ ಬರುತ್ತದೆ.

ಆ ದಿನದ ಮುಖ್ಯ ಚಿತ್ರ ‘ಯಹೂದಿ ವಧು’. ರೆಂಬ್ರಾಂಟನ ಕೊನೆಗಾಲದ್ದು, 1665ರಿಂದ 1669ರ ನಡುವಿನದು. ಗಂಡು ಹೆಣ್ಣು ಅಕ್ಕಪಕ್ಕ ನಿಂತಿದ್ದಾರೆ. ಅವನ ಬಲಗೈ ಅವಳ ಎದೆಯ ಮೇಲೆ, ಅವಳ ಬೆರಳುಗಳು ಆ ಕೈಯನ್ನು ಮುಟ್ಟಿಯೂ ಮುಟ್ಟದ ಹಾಗೆ. ಬೈಬಲ್ಲಿನ ಇಸಾಕ ಮತ್ತು ರೆಬೆಕ್ಕರ ರೂಪದಲ್ಲಿ ಬರೆಸಿಕೊಂಡ ದಂಪತಿಗಳು ಎನ್ನುತ್ತಾರೆ. ಅವನ ತೋಳಿನ ಚಿನ್ನದ ಬಣ್ಣ ಗೋಡೆಗೆ ಮೆತ್ತಿದ ಗಿಲಾವಿನಷ್ಟು ದಪ್ಪ ಇದೆ. ಲ್ಯಾಪ್‌ಟಾಪಿನಲ್ಲಿ ಎಷ್ಟು ಹಿಗ್ಗಿಸಿದರೂ ಈ ದಪ್ಪ ಕಂಡಿರಲಿಲ್ಲ. ಪಕ್ಕದಿಂದ ನೋಡಿದರೆ ಬಣ್ಣದ ಗುಡ್ಡೆಗಳಿಗೇ ತಮ್ಮದೇ ಆದ ನೆರಳಿದೆ.

ಮ್ಯೂಸಿಯಂ ತೆರೆದ 1885ರಲ್ಲಿಯೇ ಚಿತ್ರಕಾರ ವ್ಯಾನ್ ಗೋ ಇಲ್ಲಿಗೆ ಬಂದಿದ್ದ. ಜೊತೆಗೆ ಬಂದ ಗೆಳೆಯ ಎಲ್ಲ ಸುತ್ತಿ ಬಂದರೂ ಅವನು ಈ ಚಿತ್ರದ ಮುಂದಿನಿಂದ ಕದಲಿರಲಿಲ್ಲ. ಒಣ ಬ್ರೆಡ್ಡಿನ ಒಂದು ತುಣುಕು ತಿಂದುಕೊಂಡು ಎರಡು ವಾರ ಇದರ ಮುಂದೆ ಕೂರಲು ಬಿಟ್ಟರೆ ಆಯುಷ್ಯದ ಹತ್ತು ವರ್ಷ ಕೊಟ್ಟೇನು ಎಂದನಂತೆ. ಈ ಮಾತನ್ನು ಆ ಗೆಳೆಯನೇ ಬರೆದಿಟ್ಟಿದ್ದಾನೆ. ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಟಕ ರೊಟ್ಟಿ ಆದರೆ ಎರಡು ವಾರ ಕೆಡುವುದಿಲ್ಲ” ಎಂದರು. ಅವರು ಅದನ್ನು ಲೆಕ್ಕ ಹಾಕಿಯೇ ಹೇಳಿದ್ದು.

ಬ್ಲೇಡು ಇಲ್ಲದೆ ಮೂರು ಪೆನ್ಸಿಲುಗಳೂ ಮೊಂಡಾಗಿದ್ದವು. ಕೆಳಗಿನ ಅಂಗಡಿಯಿಂದ ಹೊಸದು ತರಲೇ ಎಂದೆ. ಬೇಡ, ರೆಂಬ್ರಾಂಟನ ಬಣ್ಣಕ್ಕೆ ಮೊಂಡು ಪೆನ್ಸಿಲೇ ಸರಿ ಎಂದು ಆ ಎರಡು ಕೈಗಳನ್ನು ಮಾತ್ರ ಬರೆದರು. ಅವರು ಬರೆಯುವ ಎರಡು ಗಂಟೆಯಲ್ಲಿ ನಾನು ನನ್ನ ಪಟ್ಟಿಯ ಕೆಲವನ್ನು ಓಡಾಡಿ ಮುಗಿಸಿದೆ. ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆ 17ನೇ ಶತಮಾನದ ಕೊನೆಯಲ್ಲಿ ಮಾಡಿಸತೊಡಗಿದ ಗೊಂಬೆಮನೆ ನೋಡಿದೆ. ಅದರ ವೆಚ್ಚದಲ್ಲಿ ಆ ಕಾಲಕ್ಕೆ ಕಾಲುವೆಯ ದಂಡೆಯ ಮೇಲೆ ನಿಜವಾದ ಮನೆಯೇ ಬರುತ್ತಿತ್ತಂತೆ. ಕೈಪರ್ಸ್ ಗ್ರಂಥಾಲಯದ ಮೇಲಂತಸ್ತಿನಿಂದ ಸುರುಳಿ ಮೆಟ್ಟಿಲು, ಓದುತ್ತ ಕುಳಿತವರ ಬೆನ್ನುಗಳು ಕಂಡವು. ಎಲ್ಲವೂ ಸುಂದರವೇ. ಈಗ ಬರೆಯಲು ಕೂತರೆ ಅವುಗಳ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ನನ್ನಲ್ಲಿಲ್ಲ. ಹಾಲಿನ ಹೆಂಗಸಿನ ಹಿಂದಿನ ಗೋಡೆಯ ತೂತುಗಳನ್ನಾದರೆ ಕಣ್ಣು ಮುಚ್ಚಿ ಹೇಳಬಲ್ಲೆ.

ಕೊನೆಯದು ಏಷ್ಯಾ ಪೆವಿಲಿಯನ್. ಮುಖ್ಯ ಕಟ್ಟಡದ ಪಕ್ಕದಲ್ಲಿ, ಸುತ್ತ ನೀರು ನಿಲ್ಲಿಸಿ ಕಟ್ಟಿದ ಸಣ್ಣ ಕಟ್ಟಡ ಅದು. ಬಂದವರಲ್ಲಿ ಹೆಚ್ಚಿನವರು ಅಲ್ಲಿಗೆ ಬರುವುದೇ ಇಲ್ಲ. ಅಲ್ಲಿ ನಮ್ಮ ನಟರಾಜನಿದ್ದಾನೆ. ತಮಿಳುನಾಡಿನ ಚೋಳರ ಕಾಲದ ಕಂಚು, 12ನೇ ಶತಮಾನದ್ದು, ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಎತ್ತರ. ಒಳಗೆ ಪೊಳ್ಳಿಲ್ಲ, ಪೂರ್ತಿ ಗಟ್ಟಿ ಲೋಹ ಎಂದು ಕ್ಷಕಿರಣ ಪರೀಕ್ಷೆಯಿಂದ ಖಚಿತವಾಗಿದೆ. ತೂಕ ಸುಮಾರು 300 ಕಿಲೋ. ಅಷ್ಟು ಭಾರವೂ ಮಡಿಚಿದ ಒಂದು ಬಲಗಾಲಿನ ಮೇಲೆ ನಿಂತಿದೆ.

ಅಪ್ಪ ಪ್ರತಿವರ್ಷ ಮಕ್ಕಳನ್ನು ಬಾದಾಮಿಗೆ ಸ್ಕೆಚ್ ಮಾಡಿಸಲು ಕರೆದೊಯ್ಯುತ್ತಿದ್ದರು. ಅಲ್ಲಿನ ಮೊದಲ ಗುಹೆಯ ಹೊರಗೋಡೆಯಲ್ಲಿ, 6ನೇ ಶತಮಾನದ ಹದಿನೆಂಟು ಕೈಗಳ ಶಿವ ಕುಣಿಯುತ್ತಾನೆ. ಪಕ್ಕದಲ್ಲಿ ಗಣೇಶ, ಹಿಂದೆ ನಂದಿ. ಆ ಶಿವ ಬಂಡೆಗೆ ಅಂಟಿಕೊಂಡವನು, ಸಂಜೆಯ ಬಿಸಿಲು ಬಿದ್ದರೆ ಮೈ ಕೆಂಪಾಗುತ್ತದೆ. ಇಲ್ಲಿನವನು ಮೆರವಣಿಗೆಯ ಮೂರ್ತಿ. ಹೂವು, ರೇಷ್ಮೆ ಉಡಿಸಿ ಹೆಗಲ ಮೇಲೆ ಹೊತ್ತು ಬೀದಿಗೆ ತರಲು ಎರಕ ಹೊಯ್ದದ್ದು. ಅಪ್ಪ ಗಾಲಿಕುರ್ಚಿಯಿಂದ ಎದ್ದರು. ಕೈ ಮುಗಿದರು. ಆಮೇಲೆ ಬಹಳ ಹೊತ್ತು ನೋಡಿ, “ಉತ್ಸವದ ದಿನ ಇಷ್ಟು ಅಲಂಕಾರದೊಳಗೆ ಈ ಕಾಲು ಯಾರಿಗೂ ಕಂಡಿರಲಿಕ್ಕಿಲ್ಲ. ಇಲ್ಲಿ ಕಾಣುತ್ತದೆ. ಆದರೆ ಇಲ್ಲಿ ಬೀದಿ ಇಲ್ಲ” ಎಂದರು. ನನಗೆ ಎರಡೂ ಮಾತು ನಿಜವೆನಿಸಿತು. 2023ರಲ್ಲಿ ಇದೇ ಮ್ಯೂಸಿಯಂನಲ್ಲಿದ್ದ ಕ್ಯಾಂಡಿಯ ಅಲಂಕೃತ ಫಿರಂಗಿ ಶ್ರೀಲಂಕಾಕ್ಕೆ ಮರಳಿತು. ಡಚ್ಚರು 1765ರಲ್ಲಿ ಕ್ಯಾಂಡಿಯ ಅರಮನೆ ಸೂರೆಮಾಡಿದಾಗ ಒಯ್ದದ್ದು ಅದು. ಯಾವ ವಸ್ತು ಎಲ್ಲಿರಬೇಕು ಎಂಬ ಪ್ರಶ್ನೆ ಈಗ ಆ ಗೋಡೆಗಳೊಳಗೂ ಕೇಳಿಬರುತ್ತಿದೆ, ಕೇಳಿಬರಲೇಬೇಕು.

ಐದಕ್ಕೆ ಹತ್ತು ನಿಮಿಷವಿರುವಾಗ ಕೌಂಟರಿಗೆ ಬಂದೆವು. ಲಕೋಟೆ ಇತ್ತು. ಅದರ ಮೇಲೆ ಯಾರೋ ಒಂದು ಪೆನ್ಸಿಲಿನ ಪುಟ್ಟ ಚಿತ್ರ ಬರೆದಿದ್ದರು, ಗುರುತಿಗಾಗಿ ಇರಬೇಕು. ಅಪ್ಪ ಆ ಲಕೋಟೆಯನ್ನು ಬಿಸಾಡಲಿಲ್ಲ.

ತೋಟ ಆರರವರೆಗೆ ತೆರೆದಿರುತ್ತದೆ. ಮಳೆ ಹೊಳವಾಗಿ, ಮೋಡದ ಕೆಳಗಿನಿಂದ ಓರೆ ಬಿಸಿಲು ಇಟ್ಟಿಗೆಯ ಗೋಡೆಗೆ ಬಿದ್ದಿತ್ತು. ಅಪ್ಪ ಒದ್ದೆ ಬೆಂಚಿನ ಮೇಲೆ ನನ್ನ ಮಳೆಯಂಗಿ ಹಾಸಿ ಕುಳಿತು, ಒಂದು ಕಾಗದದ ಮೇಲೆ ಹೊಟ್ಟು ಬೀಳಿಸಿಕೊಳ್ಳುತ್ತ ಪೆನ್ಸಿಲ್ ಹೆರೆದರು. ಆಮೇಲೆ ವಹಿಯಲ್ಲಿ ಹಿಂದಿನ ದಿನದ ಹಾಳೆ ತೆರೆದರು. ಹೆಂಗಸು, ಪಾತ್ರೆ, ಕಿಟಕಿ ಎಲ್ಲ ಇದ್ದವು. ಗೋಡೆಯ ಮೇಲಿನ ಮೊಳೆಯೊಂದು ಬಿಟ್ಟುಹೋಗಿತ್ತು.

“ಮೊಳೆಯ ನೆರಳು ಯಾವ ಕಡೆ ಇತ್ತು?” ಎಂದು ಕೇಳಿದರು.

ಮೊಬೈಲ್ ತೆಗೆಯಲು ಜೇಬಿಗೆ ಕೈ ಹಾಕಿದೆ. ತೆಗೆಯಲಿಲ್ಲ. “ಬಲಗಡೆ, ಸ್ವಲ್ಪ ಕೆಳಕ್ಕೆ” ಎಂದೆ.

ಅವರು ತಲೆಯಾಡಿಸಿ, ಹರಿತವಾದ ತುದಿಯಿಂದ ಮೊದಲು ಮೊಳೆಯನ್ನೂ ಆಮೇಲೆ ಅದರ ನೆರಳನ್ನೂ ಬರೆದರು.